ಒಂದೇ ಅಡ್ರೆಸ್, ಎರಡು ಬಾಕ್ಸ್: ಸಾಗರದ ಒಂದು ಮನೆಯ ಇಂಟರ್‌ನೆಟ್ ಪ್ರಕರಣ

"ನೆಟ್ ಇದೆ, ಆದ್ರೆ ಇಲ್ಲ. ಎಂತ ಹೇಳೋದು ಅಂತ್ಲೇ ಗೊತ್ತಾಗ್ತಿಲ್ಲ ಮಾರಾಯ."

ಹೋದ ವರ್ಷದ ಮಳೆಗಾಲದಲ್ಲಿ ಅಕ್ಕ ಫೋನ್ ಮಾಡಿ ಹೇಳಿದ ಮೊದಲ ಮಾತು ಇದು. ನಾನು ಶಿವಮೊಗ್ಗದಲ್ಲಿ ಕಂಪ್ಯೂಟರ್ ಮತ್ತು ನೆಟ್‌ವರ್ಕ್ ರಿಪೇರಿ ಮಾಡುವವನು. ಇಂಥ ಮಾತು ವಾರಕ್ಕೆ ಮೂರು ಸಲವಾದರೂ ಕೇಳುತ್ತೇನೆ. ಹೆಚ್ಚಿನ ಸಲ ಹತ್ತು ನಿಮಿಷದಲ್ಲಿ ಉತ್ತರ ಸಿಗುತ್ತದೆ. ಈ ಸಲ ಮೂರು ವಾರ ಹಿಡಿಯಿತು. ನಡುವೆ ನಾನೇ ಒಂದು ತಪ್ಪು ದಾರಿಯಲ್ಲಿ ಹೋಗಿ ಬಂದೆ. ನಾಲ್ಕೈದು ಕಂಪ್ಯೂಟರ್ ಒಂದೇ ಲೈನ್ ಹಂಚಿಕೊಳ್ಳುವ ಮನೆಗಳು ಈಗ ತುಂಬಾ ಇವೆ. ಇದೇ ತೊಂದರೆ ಇನ್ನೆಷ್ಟೋ ಕಡೆ ಇರಬಹುದು ಅನಿಸಿ, ನಡೆದದ್ದನ್ನು ಮೊದಲಿನಿಂದ ಬರೆಯುತ್ತಿದ್ದೇನೆ.

ಮನೆ ಮತ್ತು ತಂತಿ

ಅಕ್ಕನ ಮನೆ ಸಾಗರ ಪೇಟೆಯಿಂದ ಸ್ವಲ್ಪ ಹೊರಗೆ, ಅಡಿಕೆ ತೋಟದ ಅಂಚಿನಲ್ಲಿದೆ. ಕೆಳಗೆ ಹಳೇ ಮನೆ, ದಪ್ಪ ಗೋಡೆ. ಮೇಲೆ ಆಮೇಲೆ ಕಟ್ಟಿದ ಎರಡು ಕೋಣೆ. ಕಂಪ್ಯೂಟರ್ ಒಟ್ಟು ನಾಲ್ಕು. ಕೆಳಗೆ ಭಾವನ ಡೆಸ್ಕ್‌ಟಾಪ್, ಅದರಲ್ಲಿ ಅಡಿಕೆ ವ್ಯಾಪಾರದ ಲೆಕ್ಕ ಮತ್ತು ಜಿಎಸ್‌ಟಿ ಕೆಲಸ. ಅಕ್ಕನಿಗೆ ಒಂದು ಲ್ಯಾಪ್‌ಟಾಪ್, ಅವಳು ಹೈಸ್ಕೂಲ್ ಟೀಚರ್. ಮೇಲೆ ಅಳಿಯನ, ಅಂದರೆ ಅಕ್ಕನ ಮಗನ, ಆಫೀಸ್ ಲ್ಯಾಪ್‌ಟಾಪ್. ಅವನು ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತಾನೆ. ಪಕ್ಕದ ಕೋಣೆಯಲ್ಲಿ ಅವನ ತಂಗಿಯ ಹಳೇ ಡೆಸ್ಕ್‌ಟಾಪ್. ಇದರ ಜೊತೆ ಕೆಳಗೆ ಒಂದು ವೈಫೈ ಪ್ರಿಂಟರ್.

ಫೈಬರ್ ಲೈನ್ ಕೆಳಗಿನ ಹಾಲ್‌ಗೆ ಬರುತ್ತದೆ. ಅಲ್ಲಿ ಕಂಪನಿಯವರು ಕೊಟ್ಟ ಬಿಳಿ ಬಾಕ್ಸ್ ಇದೆ. ನಮ್ಮ ಕಡೆ ಅದನ್ನು ಫೈಬರ್ ಬಾಕ್ಸ್ ಅನ್ನುತ್ತಾರೆ, ಲೈನ್‌ಮನ್‌ಗಳು ಓಎನ್‌ಟಿ ಅನ್ನುತ್ತಾರೆ. ಫೈಬರಿನಲ್ಲಿ ಬರುವ ಬೆಳಕನ್ನು ಕಂಪ್ಯೂಟರಿಗೆ ಅರ್ಥವಾಗುವಂತೆ ಮಾಡುವುದು, ವೈಫೈ ಕೊಡುವುದು, ಮನೆಯ ಪ್ರತಿ ಕಂಪ್ಯೂಟರಿಗೂ ಒಂದೊಂದು ಐಪಿ ಅಡ್ರೆಸ್ (ನೆಟ್‌ವರ್ಕಿನಲ್ಲಿ ಅದನ್ನು ಗುರುತಿಸುವ ನಂಬರು) ಹಂಚುವುದು, ಎಲ್ಲರ ಕೆಲಸವನ್ನೂ ಒಂದೇ ಲೈನಿನಲ್ಲಿ ಹೊರಗೆ ಕಳಿಸುವುದು, ಎಲ್ಲವೂ ಅದೇ ಮಾಡುತ್ತದೆ.

ದಪ್ಪ ಗೋಡೆ ದಾಟಿ ವೈಫೈ ಮೇಲಕ್ಕೆ ಹೋಗುವುದಿಲ್ಲ. ಹಾಗಾಗಿ ಫೈಬರ್ ಹಾಕಿಸಿದ ವರ್ಷ ನಾನೇ ಕೆಳಗಿನಿಂದ ಮೇಲಕ್ಕೆ ಒಂದು ನೆಟ್‌ವರ್ಕ್ ಕೇಬಲ್ ಎಳೆದಿದ್ದೆ. ಮೇಲೆ ಎರಡು ಕಂಪ್ಯೂಟರಿಗೆ ಕವಲು ಬೇಕಿತ್ತು. ಲ್ಯಾಂಡ್‌ಲೈನ್ ಬ್ರಾಡ್‌ಬ್ಯಾಂಡ್ ಕಾಲದ ಹಳೇ ಮೋಡೆಮ್ ಅಲ್ಲೇ ಕಪಾಟಿನ ಮೇಲಿತ್ತು, ಹಿಂದೆ ನಾಲ್ಕು ಪೋರ್ಟ್. ಅದರ ವೈಫೈ ಆಫ್ ಮಾಡಿ, ಅಡ್ರೆಸ್ ಹಂಚುವ ಕೆಲಸ ನಿಲ್ಲಿಸಿ, ಅದರ ಸ್ವಂತ ಅಡ್ರೆಸ್ಸನ್ನು 192.168.1.254 ಅಂತ ಬದಲಾಯಿಸಿ, ಬರೀ ಕವಲು ಪೆಟ್ಟಿಗೆಯಾಗಿ ಬಳಸಿದೆ. ಎರಡು ವರ್ಷ ಒಂದು ತಕರಾರೂ ಬರಲಿಲ್ಲ. ಎಷ್ಟರ ಮಟ್ಟಿಗೆ ಅಂದರೆ, ಹಾಗೆ ಮಾಡಿದ್ದೇ ನನಗೆ ಮರೆತುಹೋಗಿತ್ತು.

ಜುಲೈಯಿಂದ ಶುರುವಾದದ್ದು

ಜುಲೈ ಎರಡನೇ ವಾರ ಗಾಳಿಮಳೆಗೆ ಹಲಸಿನ ಕೊಂಬೆ ಬಿದ್ದು ಕಂಬದ ಮೇಲಿನ ಫೈಬರ್ ತುಂಡಾಯಿತು. ಒಂದು ದಿನ ನೆಟ್ ಇರಲಿಲ್ಲ. ಮರುದಿನ ಲೈನ್‌ಮನ್ ಬಂದು ಜೋಡಿಸಿದ. ನೆಟ್ ಬಂತು. ಆಮೇಲೆ ಶುರುವಾಯಿತು ಈ ಕಾಟ.

ಮೇಲಿನ ಎರಡು ಕಂಪ್ಯೂಟರಿನಲ್ಲಿ ನೆಟ್ ಬರುತ್ತದೆ, ಹೋಗುತ್ತದೆ. ಕೆಳಗೆ ಹೆಚ್ಚಿನ ಹೊತ್ತು ಸರಿ ಇರುತ್ತದೆ, ಕೆಲವು ಸಲ ಅಲ್ಲೂ ಹೋಗುತ್ತದೆ. ವೈಫೈ ಗುರುತು ಪೂರ್ತಿ ತುಂಬಿರುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ. ಅಳಿಯ ಮೀಟಿಂಗ್ ಮಧ್ಯೆ ಕಡಿದುಹೋಗಿ ಮೊಬೈಲ್ ಹಾಟ್‌ಸ್ಪಾಟ್ ಹಾಕಿಕೊಳ್ಳುತ್ತಿದ್ದ. ದಿನಕ್ಕೆ 2 ಜಿಬಿ ಬೆಳಿಗ್ಗೆ ಹನ್ನೊಂದಕ್ಕೇ ಖಾಲಿ. ಭಾವನಿಗೆ ತಿಂಗಳ 11 ಮತ್ತು 20ನೇ ತಾರೀಖು ಬಂದರೆ ಎದೆ ಡವಡವ, ಆ ಎರಡು ದಿನ ಜಿಎಸ್‌ಟಿ ರಿಟರ್ನ್ ಕೊನೆಯ ದಿನ.

ಕಂಪನಿಗೆ ಮೂರು ಸಲ ದೂರು ಕೊಟ್ಟರು. ಮೂರು ಸಲವೂ ಹುಡುಗ ಬಂದ. ಮೀಟರ್ ಹಿಡಿದು ಬೆಳಕು ಅಳೆದ. ಮೈನಸ್ 21 ಡಿಬಿಎಂ. ಮನೆ ಫೈಬರಿನಲ್ಲಿ ಮೈನಸ್ 27ರ ತನಕ ನಡೆಯುತ್ತದೆ, ಹಾಗಾಗಿ ಇದು ಒಳ್ಳೆಯ ಅಳತೆ. ತನ್ನ ಲ್ಯಾಪ್‌ಟಾಪ್ ಅನ್ನು ಫೈಬರ್ ಬಾಕ್ಸಿಗೆ ಚುಚ್ಚಿ ಸ್ಪೀಡ್ ತೋರಿಸಿದ, ಅದೂ ಸರಿ ಇತ್ತು. "ಲೈನ್ ಸರಿ ಇದೆ ಅಂಕಲ್, ನಿಮ್ಮ ಕಂಪ್ಯೂಟರ್ ನೋಡಿಸಿ" ಅಂತ ಹೇಳಿ ಹೋದ. ಅವನ ಮೇಲೆ ನನಗೆ ಸಿಟ್ಟಿಲ್ಲ. ಅವನು ಹೇಳಿದ್ದು ನಿಜವೇ ಆಗಿತ್ತು. ಆದರೆ ಅವನ ಕೆಲಸ ಬಾಕ್ಸಿನ ತನಕ. ಬಾಕ್ಸಿನಿಂದ ಈಚೆ ಏನಾಗಿದೆ ಅಂತ ನೋಡುವವರು ಯಾರೂ ಇಲ್ಲ. ಮನೆಯವರಿಗೆ ಬೇಕಿರುವುದು ತಮ್ಮ ಕಂಪ್ಯೂಟರಿನಲ್ಲಿ ಪುಟ ತೆರೆಯುವುದು. ಈ ನಡುವಿನ ಜಾಗದಲ್ಲಿ ಎಷ್ಟೋ ಮನೆಗಳು ತಿಂಗಳುಗಟ್ಟಲೆ ಒದ್ದಾಡುತ್ತವೆ.

ಫೋನಿನಲ್ಲಿ ಮಾಡಿದ ರಿಪೇರಿ

ನಾನು ಮೊದಲು ಫೋನಿನಲ್ಲೇ ನೋಡಿದೆ. ಅಳಿಯನಿಗೆ ಕಂಪ್ಯೂಟರಿನ ಅಡ್ರೆಸ್ ತೋರಿಸುವ ಐಪಿಕಾನ್ಫಿಗ್ ಕಮಾಂಡ್ ಹಾಕಿ ಓದಿ ಹೇಳು ಅಂದೆ. ನೆಟ್ ಇಲ್ಲದ ಹೊತ್ತಿನಲ್ಲಿ ಅವನ ಲ್ಯಾಪ್‌ಟಾಪ್ ತೋರಿಸಿದ್ದು ಇಷ್ಟು: ಅಡ್ರೆಸ್ 192.168.1.4, ಗೇಟ್‌ವೇ 192.168.1.1. ಕೆಳಗೆ ನೆಟ್ ಇದ್ದ ಭಾವನ ಕಂಪ್ಯೂಟರ್ ತೋರಿಸಿದ್ದು 192.168.1.3, ಗೇಟ್‌ವೇ ಅದೇ 192.168.1.1.

ಓದುವವರಿಗೆ ಇದು ಹೊಸದಾಗಿದ್ದರೆ ಎರಡು ಮಾತು. ಗೇಟ್‌ವೇ ಅಂದರೆ ಮನೆಯಿಂದ ಹೊರಗೆ ಹೋಗುವ ಬಾಗಿಲು. ಯಾವ ಪುಟ ಬೇಕಿದ್ದರೂ ಕಂಪ್ಯೂಟರ್ ಮೊದಲು ಈ ಬಾಗಿಲಿಗೆ ಹೋಗಿ ಕೇಳುತ್ತದೆ. 192.168 ಅಂತ ಶುರುವಾಗುವ ಅಡ್ರೆಸ್‌ಗಳನ್ನು 1990ರ ದಶಕದಲ್ಲೇ ಮನೆ, ಆಫೀಸಿನ ಒಳಗಿನ ಬಳಕೆಗೆ ಅಂತ ಬಿಟ್ಟುಕೊಟ್ಟಿದ್ದಾರೆ. ಐಪಿಯ ಹಳೇ ಪದ್ಧತಿಯಲ್ಲಿ ಜಗತ್ತಿಗೆಲ್ಲ ಸೇರಿ ಇರುವುದು ಸುಮಾರು 429 ಕೋಟಿ ಅಡ್ರೆಸ್. ಪ್ರತಿ ಕಂಪ್ಯೂಟರಿಗೂ ಹೊರಗಿನ ಅಡ್ರೆಸ್ ಕೊಟ್ಟರೆ ಸಾಲುವುದಿಲ್ಲ. ಹಾಗಾಗಿ ಮನೆಯೊಳಗೆ ಎಲ್ಲರಿಗೂ ಒಳಗಿನ ಅಡ್ರೆಸ್, ಹೊರಗೆ ಮಾತಾಡುವಾಗ ಬಾಕ್ಸಿನ ಒಂದೇ ಅಡ್ರೆಸ್. ನಿಮ್ಮ ಮನೆಯಲ್ಲೂ 192.168.1.1 ಇದ್ದೀತು, ನಮ್ಮ ಮನೆಯಲ್ಲೂ ಇದ್ದೀತು. ಅದರಿಂದ ತೊಂದರೆ ಇಲ್ಲ. ಒಂದೇ ಮನೆಯಲ್ಲಿ ಎರಡು ಇದ್ದರೆ ಮಾತ್ರ ತೊಂದರೆ. ಆಗ ನನ್ನ ತಲೆಗೆ ಅದು ಹೊಳೆಯಲಿಲ್ಲ.

ಅಕ್ಕ ಇನ್ನೊಂದು ವಿಷಯ ಹೇಳಿದಳು. ಅವಳ ಲ್ಯಾಪ್‌ಟಾಪ್‌ನಲ್ಲಿ ಒಂದೆರಡು ಸಲ ಐಪಿ ಅಡ್ರೆಸ್ ಕಾನ್ಫ್ಲಿಕ್ಟ್ ಅಂತ ಬಂದಿತ್ತಂತೆ. ಅಂದರೆ ಒಂದೇ ಅಡ್ರೆಸ್ ಇಬ್ಬರ ಹತ್ತಿರ ಇದೆ ಅಂತ. ಪ್ರಿಂಟರಿಗೆ ಕೈಯಿಂದಲೇ 192.168.1.5 ಅಂತ ಹಾಕಿಟ್ಟಿದ್ದು ನೆನಪಾಯಿತು. ಓ, ಇದೇ ಕಾರಣ ಅಂತ ಖುಷಿಯಾಯಿತು. ಪ್ರಿಂಟರಿನ ಅಡ್ರೆಸ್ 192.168.1.200 ಮಾಡಿಸಿದೆ. ಎರಡು ದಿನ ಎಲ್ಲ ಸರಿ ಇತ್ತು. "ಹೋಯ್ತು ಮಾಮ, ಬಗೆಹರೀತು" ಅಂತ ಅಳಿಯನ ಮೆಸೇಜ್ ಬಂತು. ಮೂರನೇ ದಿನ ಮತ್ತೆ ಅದೇ ಕಥೆ.

ಆಮೇಲೆ ಗೊತ್ತಾಯಿತು, ಆ ಎರಡು ದಿನ ಮಳೆ ಬಿಡುವು ಕೊಟ್ಟಿತ್ತು, ಒಂದು ಸಲವೂ ಕರೆಂಟ್ ಹೋಗಿರಲಿಲ್ಲ. ಪ್ರಿಂಟರಿನದ್ದು ನಿಜವಾದ ಸಣ್ಣ ತಪ್ಪೇ, ಸರಿ ಮಾಡಿದ್ದು ಒಳ್ಳೆಯದೇ ಆಯಿತು. ಆದರೆ ಮುಖ್ಯ ರೋಗ ಅದಾಗಿರಲಿಲ್ಲ. ಸರಿ ಮಾಡಿದ ಮೇಲೆ ಎರಡು ದಿನ ಚೆನ್ನಾಗಿ ನಡೆಯಿತು ಅಂದರೆ ಕಾರಣ ಸಿಕ್ಕಿತು ಅಂತ ನಂಬಿದ್ದು ನನ್ನ ತಪ್ಪು. ಬಿಟ್ಟು ಬಿಟ್ಟು ಬರುವ ತೊಂದರೆಗೆ ಎರಡು ದಿನ ಸಾಲುವುದಿಲ್ಲ.

ಸೊಸೆಯ ನೋಟ್‌ಬುಕ್

ಅಕ್ಕನ ಮಗಳಿಗೆ ಒಂದು ಕೆಲಸ ಹೇಳಿದೆ. "ಒಂದು ವಾರ ಬರೆದಿಡು ಪುಟ್ಟಾ. ಎಷ್ಟು ಗಂಟೆಗೆ ಹೋಯ್ತು, ಯಾವ ಕಂಪ್ಯೂಟರಿನಲ್ಲಿ ಹೋಯ್ತು, ಬೇರೆಯವುಗಳಲ್ಲಿ ಇತ್ತಾ, ಅದಕ್ಕೆ ಮುಂಚೆ ಕರೆಂಟ್ ಹೋಗಿತ್ತಾ. ಇಷ್ಟೇ." ಅವಳು ಹಳೇ ನೋಟ್‌ಬುಕ್ಕಿನ ಹಿಂದಿನ ಪುಟದಲ್ಲಿ ಸ್ಕೇಲ್ ಇಟ್ಟು ಗೆರೆ ಎಳೆದು ಬರೆದಳು.

ವಾರದ ಮೇಲೆ ಫೋಟೋ ಕಳಿಸಿದಳು. ನೋಡಿದ ಕೂಡಲೇ ಎರಡು ವಿಷಯ ಎದ್ದು ಕಂಡವು. ಮೇಲಿನ ಎರಡು ಕಂಪ್ಯೂಟರ್ ಹೆಚ್ಚಾಗಿ ಒಟ್ಟಿಗೇ ಹೋಗುತ್ತಿದ್ದವು, ಯಾವ ಹೊತ್ತಿನಲ್ಲಾದರೂ. ಕೆಳಗಿನ ಎರಡು ಹೋಗುತ್ತಿದ್ದದ್ದು ಕರೆಂಟ್ ಹೋಗಿ ಬಂದ ಮೇಲೆ ಮಾತ್ರ. ಬಂದ ಹತ್ತು ಹದಿನೈದು ನಿಮಿಷಕ್ಕೆ ತಾವೇ ಸರಿಯಾಗುತ್ತಿದ್ದವು.

ಇನ್ನೊಂದು ಸಾಲು ಇತ್ತು, ನಾನು ಕೇಳದಿದ್ದರೂ ಅವಳು ಬರೆದದ್ದು: "ಮೊಬೈಲ್‌ನಲ್ಲಿ ಯಾವಾಗ್ಲೂ ಬರುತ್ತೆ." ಇದು ಮೂರು ವಾರದಿಂದ ಎಲ್ಲರನ್ನೂ ದಾರಿ ತಪ್ಪಿಸಿದ್ದ ಸಾಕ್ಷಿ. ಮೊಬೈಲ್ ಬರುತ್ತದೆ ಅಂದರೆ ಲೈನ್ ಸರಿ, ಕಂಪ್ಯೂಟರೇ ಹಾಳು ಅಂತ ಎಲ್ಲರೂ ಅಂದುಕೊಂಡಿದ್ದರು. ಆದರೆ ಈಗಿನ ಮೊಬೈಲ್‌ಗಳು ವೈಫೈಯಲ್ಲಿ ನೆಟ್ ಇಲ್ಲ ಅಂತ ಗೊತ್ತಾದರೆ ಸದ್ದಿಲ್ಲದೆ ಸಿಮ್‌ನ ಡೇಟಾಗೆ ಹೋಗಿಬಿಡುತ್ತವೆ. ಮನೆಯ ಲೈನ್ ಪರೀಕ್ಷೆ ಮಾಡುವಾಗ ಮೊಬೈಲ್ ಡೇಟಾ ಆಫ್ ಮಾಡಿ ನೋಡಬೇಕು. ಇಲ್ಲದಿದ್ದರೆ ಮೊಬೈಲಿನ ಸಾಕ್ಷಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳಲೇಬಾರದು.

ಕರೆಂಟಿಗೂ ನೆಟ್ಟಿಗೂ ಸಂಬಂಧ ಇದೆ, ಮೇಲಿನ ಮಹಡಿಗೂ ಸಂಬಂಧ ಇದೆ. ಇನ್ನು ಫೋನಿನಲ್ಲಿ ಆಗುವುದಿಲ್ಲ ಅಂತ ಭಾನುವಾರ ಬೆಳಿಗ್ಗೆ ಬಸ್ ಹತ್ತಿದೆ.

ಅದೇ ನಂಬರು, ಬೇರೆ ಪುಟ

ಹೋದವನೇ ಮೇಲೆ ಅಳಿಯನ ಟೇಬಲ್ಲಿಗೆ ಹೋದೆ. ಆಗ ನೆಟ್ ಇರಲಿಲ್ಲ, ನನಗೆ ಅದೇ ಬೇಕಿತ್ತು. 192.168.1.1ಕ್ಕೆ ಪಿಂಗ್ ಹಾಕಿದೆ, ಅಂದರೆ ಇದ್ದೀಯಾ ಅಂತ ಕೂಗಿ ಉತ್ತರ ಬರುತ್ತದಾ ನೋಡಿದೆ. ಒಂದು ಮಿಲಿಸೆಕೆಂಡಿಗೂ ಕಡಿಮೆ ಸಮಯದಲ್ಲಿ ಉತ್ತರ. ಅಂದರೆ ಬಾಗಿಲ ತನಕ ದಾರಿ ಸರಿ ಇದೆ. ಹೊರಗಿನ ಗೂಗಲ್ ಸರ್ವರಿನ ಅಡ್ರೆಸ್ 8.8.8.8ಕ್ಕೆ ಹಾಕಿದೆ, ಉತ್ತರ ಇಲ್ಲ. ಕೆಳಗೆ ಭಾವನ ಕಂಪ್ಯೂಟರಿನಲ್ಲಿ ಅದೇ ಹೊತ್ತಿಗೆ ಅದೇ 8.8.8.8 ಸುಮಾರು 30 ಮಿಲಿಸೆಕೆಂಡಿನಲ್ಲಿ ಉತ್ತರ ಕೊಡುತ್ತಿತ್ತು. ಬಾಗಿಲು ಒಂದೇ. ಒಬ್ಬರನ್ನು ಹೊರಗೆ ಬಿಡುತ್ತದೆ, ಇನ್ನೊಬ್ಬರನ್ನು ಬಿಡುವುದಿಲ್ಲ. ಯಾಕೆ?

ಫೈಬರ್ ಬಾಕ್ಸಿನಲ್ಲೇ ಯಾರೋ ಮೇಲಿನವರನ್ನು ತಡೆದಿರಬಹುದು ಅನಿಸಿತು. ಅದರ ಸೆಟ್ಟಿಂಗ್ ನೋಡೋಣ ಅಂತ ಅಳಿಯನ ಲ್ಯಾಪ್‌ಟಾಪ್‌ನ ಬ್ರೌಸರಿನಲ್ಲಿ 192.168.1.1 ಅಂತ ಹೊಡೆದೆ. ಲಾಗಿನ್ ಪುಟ ಬಂತು. ನೀಲಿ ಪಟ್ಟಿ, ಸಣ್ಣ ಅಕ್ಷರ, ಹಳೇ ಕಾಲದ ಪುಟ. ಫೈಬರ್ ಬಾಕ್ಸಿನ ಪಾಸ್‌ವರ್ಡ್ ಹಾಕಿದೆ, ತಪ್ಪು ಅಂತು. ಕೆಳಗೆ ಕೂಗಿದೆ. "ಭಾವ, ನಿಮ್ಮ ಕಂಪ್ಯೂಟರಿನಲ್ಲೂ ಬ್ರೌಸರಿನಲ್ಲಿ 192.168.1.1 ಹಾಕಿ, ಏನು ಕಾಣ್ತದೆ ಹೇಳಿ."

"ಬಿಳಿ ಪುಟ, ಮೇಲೆ ಕಂಪನಿ ಲೋಗೋ ಇದೆ" ಅಂದರು ಭಾವ.

ನನ್ನ ಎದುರಿಗೆ ಲೋಗೋ ಇರಲಿಲ್ಲ. ಅದೇ ನಂಬರು, ಬೇರೆ ಪುಟ. ಅಲ್ಲಿಗೆ ವಿಷಯ ಮುಗಿದಂತೆ. ಮನೆಯಲ್ಲಿ 192.168.1.1 ಅನ್ನುವ ಹೆಸರಿಗೆ ಎರಡು ಬಾಕ್ಸ್ ಓಗೊಡುತ್ತಿವೆ.

ಖಾತ್ರಿ ಮಾಡಿಕೊಳ್ಳಲು ಎಆರ್‌ಪಿ ಪಟ್ಟಿ ನೋಡಿದೆ. ವಿಂಡೋಸ್‌ನಲ್ಲಿ ಎಆರ್‌ಪಿ ಅಂತ ಹೊಡೆದು, ಜಾಗ ಬಿಟ್ಟು, ಹೈಫನ್ ಹಾಕಿ ಎ ಅಂತ ಹೊಡೆದರೆ ಯಾವ ಐಪಿ ಅಡ್ರೆಸ್ ಯಾವ ಯಂತ್ರದ್ದು ಅಂತ ಬರುತ್ತದೆ. ಪ್ರತಿ ಯಂತ್ರಕ್ಕೂ ಕಾರ್ಖಾನೆಯಲ್ಲೇ ಹನ್ನೆರಡು ಅಕ್ಷರದ ಒಂದು ಗುರುತು ಬರೆದಿರುತ್ತಾರೆ, ಅದು ಮ್ಯಾಕ್ ಅಡ್ರೆಸ್. ಮೊದಲ ಆರು ಅಕ್ಷರ ತಯಾರಿಸಿದ ಕಂಪನಿಯನ್ನು ಹೇಳುತ್ತದೆ. ಅಳಿಯನ ಲ್ಯಾಪ್‌ಟಾಪ್ 192.168.1.1 ಅಂತ ನಂಬಿಕೊಂಡಿದ್ದ ಯಂತ್ರದ ಗುರುತನ್ನು ಚೀಟಿಯಲ್ಲಿ ಬರೆದುಕೊಂಡು ಕೆಳಗೆ ಹೋದೆ. ಫೈಬರ್ ಬಾಕ್ಸನ್ನು ತಿರುಗಿಸಿ ಕೆಳಗಿನ ಸ್ಟಿಕ್ಕರ್ ಓದಿದೆ. ಮೊದಲ ಅಕ್ಷರದಿಂದಲೇ ಬೇರೆ.

ಮತ್ತೆ ಮೇಲೆ ಬಂದೆ. ಕಪಾಟಿನ ಹತ್ತಿರ ಕುರ್ಚಿ ಹಾಕಿ ಹತ್ತಿ ಮೊಬೈಲ್ ಟಾರ್ಚ್ ಬಿಟ್ಟೆ. ಹಳೇ ಮೋಡೆಮ್ ಬೆಚ್ಚಗಿತ್ತು. ಮೇಲೆ ಎರಡು ವರ್ಷದ ಧೂಳು, ಬೆರಳಲ್ಲಿ ಬರೆದರೆ ಅಕ್ಷರ ಮೂಡುವಷ್ಟು. ಹಿಂದುಗಡೆ ಒಂದು ಕಡೆ ಮಾತ್ರ ಧೂಳು ಒರೆಸಿದ ಹಾಗೆ ನಾಲ್ಕು ಬೆರಳಿನ ಗುರುತು. ಅದರ ಮಧ್ಯದಲ್ಲಿ ರಿಸೆಟ್‌ನ ಸಣ್ಣ ತೂತು. ಎದುರಿಗೆ ವೈಫೈ ದೀಪ ಹೊತ್ತಿತ್ತು. ಆ ವೈಫೈಯನ್ನು ನಾನು ಎರಡು ವರ್ಷದ ಹಿಂದೆಯೇ ಆಫ್ ಮಾಡಿದ್ದೆ. ತಿರುಗಿಸಿ ಸ್ಟಿಕ್ಕರ್ ಓದಿದೆ. ಚೀಟಿಯಲ್ಲಿದ್ದ ಹನ್ನೆರಡು ಅಕ್ಷರ ಒಂದೂ ಬಿಡದೆ ಹೊಂದಿತು.

ಸೇಫ್ಟಿ ಪಿನ್

"ಇದನ್ನು ಯಾರಾದ್ರೂ ಒತ್ತಿದ್ರಾ?" ಅಂತ ಕೇಳಿದೆ.

ಭಾವ ಸ್ವಲ್ಪ ಯೋಚಿಸಿ ಹೇಳಿದರು. ಕೊಂಬೆ ಬಿದ್ದ ದಿನ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದ್ದರು. ಆ ಕಡೆಯವರು "ಮೋಡೆಮ್ ಹಿಂದೆ ಸಣ್ಣ ತೂತು ಇದೆ, ಪಿನ್ ಹಾಕಿ ಹತ್ತು ಸೆಕೆಂಡ್ ಒತ್ತಿ ಹಿಡೀರಿ" ಅಂದರು. ಭಾವ ಅಕ್ಕನ ಹತ್ತಿರ ಸೇಫ್ಟಿ ಪಿನ್ ಇಸ್ಕೊಂಡು ಮೇಲೆ ಓಡಿದರು. ಆ ಮನೆಯಲ್ಲಿ ಮೋಡೆಮ್ ಅಂದರೆ ಹತ್ತು ವರ್ಷದಿಂದಲೂ ಆ ಕಪ್ಪು ಡಬ್ಬಿಯೇ. ಕೆಳಗಿನದು ಫೈಬರ್ ಬಾಕ್ಸ್. ಕಸ್ಟಮರ್ ಕೇರ್‌ನವರು ಮೋಡೆಮ್ ಅಂದದ್ದು ಕೆಳಗಿನದಕ್ಕೆ. ಭಾವ ಒತ್ತಿದ್ದು ಮೇಲಿನದನ್ನು. ಹೇಳಿದ್ದನ್ನು ಚಾಚೂ ತಪ್ಪದೆ ಮಾಡಿದ್ದರು, ಪಾಪ. ಅದರಲ್ಲಿ ಅವರ ತಪ್ಪು ಎಳ್ಳಷ್ಟೂ ಇಲ್ಲ.

ರಿಸೆಟ್ ಒತ್ತಿದ ಕೂಡಲೇ ಹಳೇ ಮೋಡೆಮ್ ಕಾರ್ಖಾನೆಯಿಂದ ಬಂದ ದಿನದ ಸ್ಥಿತಿಗೆ ಹೋಯಿತು. ನಾನು ಹಾಕಿದ್ದ 192.168.1.254 ಹೋಗಿ 192.168.1.1 ಬಂತು. ನಿಲ್ಲಿಸಿದ್ದ ಅಡ್ರೆಸ್ ಹಂಚುವ ಕೆಲಸ ಮತ್ತೆ ಶುರುವಾಯಿತು. ವೈಫೈ ತಾನೇ ಆನ್ ಆಯಿತು. "ಜುಲೈಯಿಂದ ಪಟ್ಟಿಯಲ್ಲಿ ಒಂದು ಹೊಸ ವೈಫೈ ಹೆಸರು ಬರ್ತಿತ್ತು ಮಾಮ, ಪಕ್ಕದ ಮನೆಯವರದ್ದು ಅಂದ್ಕೊಂಡಿದ್ದೆ" ಅಂದಳು ಸೊಸೆ. ಪಕ್ಕದ ಮನೆ ತೋಟದ ಆಚೆ ಇದೆ.

ಇಲ್ಲಿ ಇನ್ನೊಂದು ಮಾತು ಹೇಳಲೇಬೇಕು. ಅವತ್ತು ಕೆಳಗಿನ ಬಾಕ್ಸಿನಲ್ಲಿ ಎಲ್‌ಓಎಸ್ ದೀಪ ಕೆಂಪಾಗಿತ್ತು. ಅದು ಕೆಂಪಾದರೆ ಫೈಬರಿನಲ್ಲಿ ಬೆಳಕೇ ಬರುತ್ತಿಲ್ಲ ಅಂತ ಅರ್ಥ. ತುಂಡಾದ ತಂತಿಗೆ ಯಾವ ಬಾಕ್ಸ್ ರಿಸೆಟ್ ಮಾಡಿದರೂ ಉಪಯೋಗ ಇಲ್ಲ. ಭಾವ ಸರಿಯಾದ ಬಾಕ್ಸನ್ನೇ ಒತ್ತಿದ್ದರೆ ಇನ್ನೂ ಕಷ್ಟವಾಗುತ್ತಿತ್ತೋ ಏನೋ. ಎಷ್ಟೋ ಕಂಪನಿಗಳ ಬಾಕ್ಸಿನೊಳಗೆ ಲಾಗಿನ್ ಹೆಸರು, ಪಾಸ್‌ವರ್ಡ್ ತುಂಬಿಸಿಟ್ಟಿರುತ್ತಾರೆ. ರಿಸೆಟ್ ಒತ್ತಿದರೆ ಅದೂ ಅಳಿಸಿಹೋಗಿ, ಫೈಬರ್ ಜೋಡಿಸಿದ ಮೇಲೂ ನೆಟ್ ಬರುವುದಿಲ್ಲ. ಬಾಕ್ಸ್ ಆಫ್ ಮಾಡಿ ಆನ್ ಮಾಡುವುದು ಬೇರೆ, ರಿಸೆಟ್ ಒತ್ತುವುದು ಬೇರೆ. ಈ ಎರಡನ್ನೂ ಒಂದೇ ಅನ್ನುವ ಹಾಗೆ ಫೋನಿನಲ್ಲಿ ಹೇಳುವುದನ್ನು ಕೇಳಿದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಕರೆಂಟಿಗೆ ಏನು ಸಂಬಂಧ

ಕಂಪ್ಯೂಟರಿಗೆ ಬಾಗಿಲು ಬೇಕಾದಾಗ ಅದು ಮನೆಯ ನೆಟ್‌ವರ್ಕಿನಲ್ಲೆಲ್ಲ ಕೂಗಿ ಕೇಳುತ್ತದೆ: 192.168.1.1 ಯಾರು? ಯಾರು "ನಾನು" ಅನ್ನುತ್ತಾರೋ ಅವರನ್ನು ನಂಬುತ್ತದೆ. ಎಆರ್‌ಪಿ ಅನ್ನುವ ಈ ಪದ್ಧತಿ 1982ರದ್ದು. ಉತ್ತರ ಕೊಟ್ಟವರು ನಿಜವಾಗಿ ಯಾರು ಅಂತ ಪರೀಕ್ಷೆ ಮಾಡುವ ಏರ್ಪಾಡು ಅದರಲ್ಲಿ ಇಲ್ಲ. ಇಬ್ಬರು "ನಾನು" ಅಂದರೆ ಯಾರ ಉತ್ತರ ನಿಲ್ಲುತ್ತದೆ ಅನ್ನುವುದು ಆ ಕ್ಷಣಕ್ಕೆ ಬಿಟ್ಟದ್ದು. ಅಕ್ಕನ ಮನೆಯಲ್ಲಿ ಹತ್ತಿರ ಇದ್ದ ಬಾಕ್ಸೇ ಹೆಚ್ಚಾಗಿ ಗೆಲ್ಲುತ್ತಿತ್ತು. ಹಾಗಾಗಿ ಮೇಲಿನವರಿಗೆ ಹಳೇ ಮೋಡೆಮ್, ಕೆಳಗಿನವರಿಗೆ ಫೈಬರ್ ಬಾಕ್ಸ್. ಹಳೇ ಮೋಡೆಮ್‌ಗೆ ಹೊರಗಿನ ಲೈನೇ ಇಲ್ಲ, ಟೆಲಿಫೋನ್ ತಂತಿ ಕಿತ್ತು ಎರಡು ವರ್ಷ ಆಗಿದೆ. ಅದು ಪಿಂಗ್‌ಗೆ ಉತ್ತರ ಕೊಡುತ್ತದೆ, ಮುಂದಕ್ಕೆ ಎಲ್ಲಿಗೂ ಕಳಿಸುವುದಿಲ್ಲ. ಕಂಪ್ಯೂಟರ್ ಈ ನೆನಪನ್ನು ಬಹಳ ಹೊತ್ತು ಇಟ್ಟುಕೊಳ್ಳುವುದಿಲ್ಲ, ಆಗಾಗ ಮತ್ತೆ ಕೇಳುತ್ತದೆ. ಆಗ ಉತ್ತರ ಬದಲಾದರೆ ನೆಟ್ ತಾನೇ ಬರುತ್ತದೆ, ತಾನೇ ಹೋಗುತ್ತದೆ.

ಕರೆಂಟ್ ಹೋಗಿ ಬಂದಾಗ ಏನಾಗುತ್ತದೆ ಅಂತ ಕಣ್ಣಾರೆ ನೋಡಬೇಕಿತ್ತು. ಕೈಯಲ್ಲಿ ಗಡಿಯಾರ ಹಿಡಿದು ಮೇನ್ ಎಂಸಿಬಿ ಇಳಿಸಿ ಏರಿಸಿದೆವು. ಹಳೇ ಮೋಡೆಮ್ ಮುಕ್ಕಾಲು ನಿಮಿಷದಲ್ಲಿ ಸಿದ್ಧ. ಫೈಬರ್ ಬಾಕ್ಸ್ ಕಂಪನಿಯ ಕಡೆ ತನ್ನ ಗುರುತು ಹೇಳಿ, ಒಪ್ಪಿಗೆ ಪಡೆದು, ಪೂರ್ತಿ ಏಳುವುದಕ್ಕೆ ಮೂರು ನಿಮಿಷದ ಹತ್ತಿರ ತೆಗೆದುಕೊಂಡಿತು. ಅದರ ಒಳಗಿನ ಸ್ವಿಚ್, ಅಂದರೆ ಕೇಬಲ್ಲುಗಳಿಗೆ ಕವಲು ಒಡೆಯುವ ಭಾಗ, ಮಾತ್ರ ಬೇಗ ಎದ್ದು ಆ ಕಡೆಯಿಂದ ಈ ಕಡೆಗೆ ದಾರಿ ಬಿಡುತ್ತಿತ್ತು. ಆ ಎರಡು ನಿಮಿಷದಲ್ಲಿ ಮನೆಯವರೆಲ್ಲರಿಗೂ ಅಡ್ರೆಸ್ ಹಂಚುವವನೂ ಬಾಗಿಲು ನಾನೇ ಅನ್ನುವವನೂ ಹಳೇ ಮೋಡೆಮ್ ಒಬ್ಬನೇ. ಕೆಳಗಿನವರಿಗೂ ಆಗಲೇ ನೆಟ್ ಹೋಗುತ್ತಿದ್ದದ್ದು. ಇಬ್ಬರೂ ಒಂದೇ ಪಟ್ಟಿಯಿಂದ ಅಡ್ರೆಸ್ ಹಂಚುತ್ತಿದ್ದರಿಂದ ಅಕ್ಕನಿಗೆ ಆ ಕಾನ್ಫ್ಲಿಕ್ಟ್ ಸಂದೇಶವೂ ಬಂದಿತ್ತು. ಸೊಸೆಯ ನೋಟ್‌ಬುಕ್ಕಿನ ಪ್ರತಿ ಸಾಲಿಗೂ ಈಗ ಉತ್ತರ ಇತ್ತು.

ಸರಿ ಮಾಡಿದ ಬಗೆ

ಮೊದಲು ಹಳೇ ಮೋಡೆಮ್‌ನ ಕೇಬಲ್ ಕಿತ್ತು ನೋಡಿದೆ. ಮೇಲೆ ಯಾರಿಗೂ ನೆಟ್ ಇಲ್ಲ, ಕೆಳಗೆ ಎಂಸಿಬಿ ಎಷ್ಟು ಸಲ ಇಳಿಸಿ ಏರಿಸಿದರೂ ಎರಡೂ ಕಂಪ್ಯೂಟರ್ ಮೂರೇ ನಿಮಿಷಕ್ಕೆ ಸರಿ. ಆಮೇಲೆ ಮೋಡೆಮ್‌ಗೆ ಒಂದೇ ಲ್ಯಾಪ್‌ಟಾಪ್ ಚುಚ್ಚಿ, ಮೊದಲಿನ ಹಾಗೆ ಅಡ್ರೆಸ್ 192.168.1.254 ಮಾಡಿ, ಅಡ್ರೆಸ್ ಹಂಚುವುದನ್ನೂ ವೈಫೈಯನ್ನೂ ನಿಲ್ಲಿಸಿ, ವಾಪಸ್ ಜೋಡಿಸಿದೆ. ನಾಲ್ಕೂ ಕಂಪ್ಯೂಟರಿನಲ್ಲಿ ನೆಟ್ ಬಂತು. ಎಂಸಿಬಿ ಮೂರು ಸಲ ಇಳಿಸಿದೆವು, ಮೂರು ಸಲವೂ ನಾಲ್ಕೂ ಬಂದವು. ಕಾರಣ ಇದೇ ಅಂತ ಗಟ್ಟಿಯಾಯಿತು. ಪ್ರಿಂಟರಿನ ವಿಷಯದಲ್ಲಿ ನಾನು ಈ ಹೆಜ್ಜೆಯನ್ನೇ ಬಿಟ್ಟಿದ್ದೆ. ತೊಂದರೆಯನ್ನು ಬೇಕೆಂದಾಗ ಬರಿಸಿ, ಬೇಕೆಂದಾಗ ನಿಲ್ಲಿಸಿ ನೋಡಿರಲಿಲ್ಲ.

ಹಾಗೇ ಬಿಟ್ಟು ಬರಬಹುದಿತ್ತು. ಆದರೆ ಆ ತೂತು ಅಲ್ಲೇ ಇರುತ್ತದೆ ಅಲ್ವಾ? ಪೇಟೆಗೆ ಹೋಗಿ ಐದು ಪೋರ್ಟಿನ ಸಾದಾ ಗಿಗಾಬಿಟ್ ಸ್ವಿಚ್ ತಂದೆ. ಸಾವಿರ ರೂಪಾಯಿ ಆಸುಪಾಸು. ಅದಕ್ಕೆ ಸ್ವಂತ ಅಡ್ರೆಸ್ ಇಲ್ಲ, ಸೆಟ್ಟಿಂಗ್ ಇಲ್ಲ, ರಿಸೆಟ್ ತೂತೂ ಇಲ್ಲ. ಕವಲು ಒಡೆಯುವುದು ಬಿಟ್ಟು ಇನ್ನೇನೂ ಮಾಡುವುದಿಲ್ಲ. ಇಂಥ ಜಾಗಕ್ಕೆ ಅದೇ ಸರಿ. ಎರಡು ವರ್ಷದ ಹಿಂದೆ ಮನೆಯಲ್ಲಿದ್ದದ್ದು ಸಾಕು ಅಂತ ಬಿಡದೆ ಇದನ್ನೇ ಹಾಕಬೇಕಿತ್ತು.

ಸ್ವಿಚ್ ಹಾಕಿದ ಮೇಲೆ ಕೆಳಗಿನಿಂದ ಬರುವ ಕೇಬಲ್ಲಿನ ದೀಪ ಹಸಿರಾಗಬೇಕಿದ್ದದ್ದು ಕಿತ್ತಳೆ ಬಣ್ಣದಲ್ಲಿ ಹೊತ್ತಿತು. ಅಂದರೆ 1000 ಎಂಬಿಪಿಎಸ್ ಬದಲು 100. ಕೇಬಲ್ಲಿನಲ್ಲಿ ನಾಲ್ಕು ಜೊತೆ ತಂತಿ ಇರುತ್ತದೆ. 100ಕ್ಕೆ ಎರಡು ಜೊತೆ ಸಾಕು, 1000ಕ್ಕೆ ನಾಲ್ಕೂ ಬೇಕು. ತುದಿಯ ಪ್ಲಗ್ಗಿನಲ್ಲಿ ಕಂದು ತಂತಿ ಸರಿಯಾಗಿ ಕೂತಿರಲಿಲ್ಲ. ಕತ್ತರಿಸಿ ಹೊಸ ಪ್ಲಗ್ ಒತ್ತಿದೆ, ದೀಪ ಹಸಿರಾಯಿತು.

ಫೈಬರ್ ಬಾಕ್ಸ್ ಹಂಚುವ ಪಟ್ಟಿಯನ್ನು 192.168.1.199ಕ್ಕೆ ನಿಲ್ಲಿಸಿದೆ. ಪ್ರಿಂಟರಿನ 200 ಇನ್ನು ಬೇರೆ ಯಾರಿಗೂ ಹೋಗುವುದಿಲ್ಲ. ಬಾಕ್ಸಿನ ಪ್ಲಗ್ ಇನ್ವರ್ಟರ್ ಲೈನಿನಲ್ಲಿ ಇರಲಿಲ್ಲ. ಭಾವ ಮಾರನೇ ದಿನವೇ ಎಲೆಕ್ಟ್ರಿಷಿಯನ್ ಕರೆಸಿ ಹಾಕಿಸಿದರು. ಮಲೆನಾಡಿನ ಮಳೆಗಾಲದಲ್ಲಿ ಇದೊಂದೇ ಎಷ್ಟೋ ನೆಮ್ಮದಿ ಕೊಡುತ್ತದೆ.

ಸಂಜೆ ಕಾಫಿ ಕುಡಿಯುತ್ತ ಸೊಸೆಯ ಕೈಯಲ್ಲಿ ಮನೆಯ ತಂತಿಯ ನಕ್ಷೆ ಬರೆಸಿದೆ. ಯಾವ ಬಾಕ್ಸ್ ಎಲ್ಲಿದೆ, ಏನು ಮಾಡುತ್ತದೆ, ಅದರ ಅಡ್ರೆಸ್ ಏನು, ಯಾವ ಕೇಬಲ್ ಎಲ್ಲಿಗೆ ಹೋಗುತ್ತದೆ. ಅರ್ಧ ಹಾಳೆ ಸಾಕಾಯಿತು. ಕಪಾಟಿನ ಬಾಗಿಲ ಒಳಗೆ ಅಂಟಿಸಿದೆವು. ಫೈಬರ್ ಬಾಕ್ಸಿನ ಮೇಲೆ ಅವಳೇ ದುಂಡಗಿನ ಅಕ್ಷರದಲ್ಲಿ ಇನ್ನೊಂದು ಚೀಟಿ ಅಂಟಿಸಿದಳು: "ಮೋಡೆಮ್ ಅಂದರೆ ಇದೇ. ಎಲ್‌ಓಎಸ್ ಕೆಂಪಾದರೆ ರಿಸೆಟ್ ಒತ್ತಬೇಡಿ. ಲೈನ್‌ಮನ್ ಕರೆಯಿರಿ."

ಹಳೇ ಮೋಡೆಮ್ ನಾನು ತಂದಿಟ್ಟುಕೊಂಡೆ.

ಗಣೇಶ ಹಬ್ಬದ ಮಾರನೇ ದಿನ ಮತ್ತೆ ಗಾಳಿಗೆ ಫೈಬರ್ ಹೋಯಿತು. ಭಾವ ಕಸ್ಟಮರ್ ಕೇರ್‌ಗೆ ಫೋನ್ ಮಾಡಿದಾಗ ಆ ಕಡೆಯಿಂದ ಅದೇ ಮಾತು, ಪಿನ್ ತಗೊಳ್ಳಿ ಸರ್ ಅಂತ. "ಎಲ್‌ಓಎಸ್ ಕೆಂಪು ಇದೆ. ಬೆಳಕು ಬರ್ತಿಲ್ಲ. ರಿಸೆಟ್ ಮಾಡೋದಿಲ್ಲ, ಲೈನ್‌ಮನ್ ಕಳ್ಸಿ" ಅಂದರಂತೆ ಭಾವ. ಸಂಜೆ ನಾಲ್ಕಕ್ಕೆ ಲೈನ್‌ಮನ್ ಬಂದ, ಐದಕ್ಕೆ ದೀಪ ಹಸಿರಾಯಿತು. ನಾಲ್ಕೂ ಕಂಪ್ಯೂಟರಿನಲ್ಲಿ ನೆಟ್ ಒಟ್ಟಿಗೇ ಬಂತು ಅಂತ ಸೊಸೆ ಸಮಯ ಸಮೇತ ಬರೆದು ಫೋಟೋ ಕಳಿಸಿದಳು.